65 ಸಾವಿರ ಕಟ್ಟಿ ಗ್ರಾಫಿಕ್ ಡಿಸೈನ್ ಕಲೀಲ್ಯೋ, ಕಾಕಾನ ಫ್ಲೆಕ್ಸ್ ಅಂಗಡ್ಯಾಗ ಕೂಡ್ಲ್ಯೋ?

ಹಾವೇರಿ_ಏಲಕ್ಕಿ
ಎಲ್ಲಾರಿಗೂ ನಮಸ್ಕಾರ್ರಿ. ಹಾವೇರಿಯಾಕಿ ನಾನು, ಈ ವರ್ಷ ಬಿ.ಎ. ಮುಗೀತು. ಮೀಡಿಯಾದಾಗ ಕೆಲಸ ಮಾಡೂ ಆಸೆ ಐತಿ. ಮೈಕ್ ಹಿಡಕೊಂಡು ನಿಂದರೂ ಧೈರ್ಯ ನನಗಿಲ್ಲ. ಫೋಟೋ ತೆಗೆಯೂದು, ಪುಟ ಕಟ್ಟೂದು, ಸುದ್ದಿ ಪೋರ್ಟಲಿಗೆ ಕಾರ್ಡ್ ಮಾಡೂದು, ಇಂಥಾವು ಬೇಕು.

ಹುಬ್ಬಳ್ಯಾಗ ಒಂದು ಇನ್‌ಸ್ಟಿಟ್ಯೂಟಿಗೆ ಹೋಗಿ ವಿಚಾರಿಸಿದೆ. 6 ತಿಂಗಳ ಡಿಪ್ಲೊಮಾ. ಫೋಟೋಶಾಪ್, ಚಿತ್ರ ಬರಿಯೂ ಇಲ್ಲಸ್ಟ್ರೇಟರ್, ಪುಟ ಕಟ್ಟೂ ಇನ್‌ಡಿಸೈನ್, ವಿಡಿಯೋ ಕತ್ತರಿಸೂ ಪ್ರೀಮಿಯರ್, ಜೋಡಿ ಫೋಟೋಗ್ರಫಿನೂ ಐತಿ ಅಂದ್ರು. 65 ಸಾವಿರ, ಮೂರು ಕಂತು. ಪ್ಲೇಸ್‌ಮೆಂಟ್ ಗ್ಯಾರಂಟಿ ಅಂತಾರ, ಬರೆದು ಕೊಡ್ರಿ ಅಂದ್ರ ನಗತಾರ. ಡೆಮೊ ಕ್ಲಾಸಿನ್ಯಾಗ ಕೂಡ್ಸಿದ್ರು. ಸರ್ ಒಬ್ಬ ಹೀರೋನ ಫೋಟೋ ಕಟ್ ಮಾಡಿ, ಬಾಜೂಕ ಹುಲಿ ಇಟ್ಟು, ಹಿಂದ ಬೆಂಕಿ ಹಚ್ಚಿದ್ರು. 20 ನಿಮಿಷದ ಕೆಲಸ, ಹುಡುಗರೆಲ್ಲಾ ಚಪ್ಪಾಳೆ.

ಅಪ್ಪಾಜಿ ಬಿ.ಎಡ್. ಮಾಡು ಅಂತ ಫಾರ್ಮ್ ತಂದು ಟೇಬಲ್ ಮ್ಯಾಲ ಇಟ್ಟಾರ. ಗದಗಿನ್ಯಾಗ ನಮ್ಮ ಕಾಕಾಂದು ಫ್ಲೆಕ್ಸ್ ಅಂಗಡಿ ಐತಿ. "ಬಾರವಾ, ಎರಡು ತಿಂಗಳದಾಗ ಎಲ್ಲಾ ಕಲೀತಿ, ರೊಕ್ಕಾನೂ ಕೊಡ್ತೀನಿ" ಅಂತಾನ. ನನ್ನ ಕಡೆ ಅಣ್ಣ ಬಿಟ್ಟುಹೋದ ಹಳೇ ಡಿಎಸ್‌ಎಲ್‌ಆರ್, 18-55 ಲೆನ್ಸು, 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಅದಾವು. ಏನ್ ಮಾಡ್ಲಿ ಹೇಳ್ರಿ.

ಕೊಪ್ಪೀಕರ್_ರೋಡ್
ಕಾಕಾನ ಅಂಗಡಿ. ಮಾತು ಮುಗೀತು.

ತೋಳನಕೆರೆ
ಅಷ್ಟು ಹಗೂರಾಗಿ ಹೇಳಬ್ಯಾಡ್ರಿ. ಫ್ಲೆಕ್ಸ್ ಅಂಗಡ್ಯಾಗ 3 ವರ್ಷ ಕುಂತಾಂವ ನಾನು. ಕಲತದ್ದೇನು ಕೇಳ್ರಿ: ಹುಟ್ಟುಹಬ್ಬದ ಬ್ಯಾನರಿನ್ಯಾಗ 42 ಮಂದಿ ಮುಖ ಕತ್ತರಿಸಿ ಕೂಡ್ಸೂದು. ಯಾರ ಮುಖ ದೊಡ್ಡದು, ಯಾರದು ಸಣ್ಣದು ಅಂತ ಜಗಳ. ಒಬ್ಬ ಪುಣ್ಯಾತ್ಮನ ಮುಖ ಅರ್ಧ ಇಂಚು ಸಣ್ಣದಾತು ಅಂತ ರಾತ್ರಿ 11ಕ್ಕ ಮತ್ತೊಮ್ಮೆ ಪ್ರಿಂಟ್ ಹೊಡಿಸಿದ್ರು. ಡಿಸೈನ್ ಅಂದ್ರೇನು ಅಂತ ಒಬ್ಬರೂ ಹೇಳಿಕೊಡ್ಲಿಲ್ಲ. ಕೈ ಮಾತ್ರ ಪಳಗಿತು. ಅಂಚು ಹಿಡದು ಕತ್ತರಿಸೂ ಪೆನ್ ಟೂಲ್ ಈಗ ನಿದ್ದಿಗಣ್ಣಾಗೂ ಓಡಸ್ತೀನಿ.

ಕೊಪ್ಪೀಕರ್_ರೋಡ್
ಮತ್ತ ಆ ಪಳಗಿದ ಕೈ ನಿಮಗ ಪುಕ್ಕಟೆ ಸಿಕ್ತಲ್ಲ? ಅದಕ್ಕಽ ಇನ್‌ಸ್ಟಿಟ್ಯೂಟಿನವರು 65 ಸಾವಿರ ಕೇಳಾಕತ್ತಾರ.

ಒತ್ತಕ್ಷರ
ತಂಗೀ, ನಾನು ಪತ್ರಿಕೆ ಒಂದರಾಗ ಪುಟ ಕಟ್ಟಾಂವ, 14 ವರ್ಷ ಆತು. ರೊಕ್ಕ ಕಟ್ಟೂಕಿಂತ ಮೊದಲ ಆ ಇನ್‌ಸ್ಟಿಟ್ಯೂಟಿಗೆ ಇನ್ನೊಮ್ಮೆ ಹೋಗು. ಸರ್ ಕಡೆ ಒಂದಽ ಕೇಳು: "ಫೋಟೋಶಾಪಿನ್ಯಾಗ ಯೂನಿಕೋಡಿನಲ್ಲಿ ಹುಬ್ಬಳ್ಳಿ ಅಂತ ಬರೆದು ತೋರಿಸ್ರಿ."

ನಗಬ್ಯಾಡ. ಯೂನಿಕೋಡ್ ಅಂದ್ರ ಎಲ್ಲಾ ಮಷಿನ್ನಿಗೂ ಒಂದಽ ತರಾ ತಿಳಿಯೂ ಅಕ್ಷರದ ಲೆಕ್ಕ. ಧಾರವಾಡ ಅಂತ ಬರೆಸಿದ್ರ ಏನೂ ತಿಳಿಯೂದಿಲ್ಲ, ಅದರಾಗ ಒತ್ತಕ್ಷರನಽ ಇಲ್ಲ. ಹಾವೇರಿಯಾಗೂ ಇಲ್ಲ. ಗದಗ ಅಂತೂ ಕೊಂಬು-ದೀರ್ಘನೂ ಇಲ್ಲದ ಸಾಧು ಊರು. ಹುಬ್ಬಳ್ಯಾಗ ಬಕಾರಕ್ಕೊಂದು, ಳಕಾರಕ್ಕೊಂದು ಒತ್ತು. ಸೆಟ್ಟಿಂಗ್ ತಪ್ಪಿದ್ರ ಪರದೆ ಮ್ಯಾಲ "ಹುಬ್‌ಬಳ್‌ಳಿ" ಅಂತ ಒಡದು ಬೀಳ್ತದ. ಹಂಗಾದ್ರ ಪ್ರಿಫರೆನ್ಸಸ್ಸಿನ ಟೈಪ್ ಭಾಗಕ್ಕ ಹೋಗಿ ಟೆಕ್ಸ್ಟ್ ಎಂಜಿನ್ (ಅಕ್ಷರ ಜೋಡಸೂ ಭಾಗ) ವರ್ಲ್ಡ್-ರೆಡಿ ಲೇಔಟ್ ಮಾಡಬೇಕು. ಹಳೇ ವರ್ಷನ್ನಿನ್ಯಾಗ ಅದಕ್ಕ ಮಿಡಲ್ ಈಸ್ಟರ್ನ್ ಅಂತ ಹೆಸರಿತ್ತು, ಅದಕ್ಕಽ ನಮ್ಮ ಮಂದಿ ಅದನ್ನ ಮುಟ್ಟತಿರಲಿಲ್ಲ: ಅರಬರದು ನಮಗ್ಯಾಕ ಅಂತ! ಇನ್‌ಡಿಸೈನಿನ್ಯಾಗ ಪ್ಯಾರಾಗ್ರಾಫ್ ಪ್ಯಾನಲ್ಲಿನ ಮೆನ್ಯುದಾಗ ವರ್ಲ್ಡ್-ರೆಡಿ ಕಂಪೋಸರ್ ಆರಿಸಬೇಕು. ಇಷ್ಟು ಗೊತ್ತಿಲ್ಲದಾಂವ ಕನ್ನಡ ಮೀಡಿಯಾಕ್ಕ ಡಿಸೈನ್ ಕಲಸ್ತೀನಿ ಅಂದ್ರ, ಹುಲಿ-ಬೆಂಕಿ ಅಷ್ಟಽ ಕಲಸ್ತಾನ.

"ಅದೆಲ್ಲಾ ಬ್ಯಾಡ, ನುಡಿ ಫಾಂಟ್ ಹಾಕ್ರಿ" ಅಂದ್ರ ಅದೂ ಅರ್ಧ ಉತ್ತರ. ಹಳೇ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಮನ್ಯಾಗ ಕನ್ನಡದ ತುಂಡುಗಳನ್ನ ಬಾಡಿಗಿಗೆ ಇಟ್ಟಾವು. ಆ ಫಾಂಟ್ ಇಲ್ಲದ ಮಷಿನ್ನಿನ್ಯಾಗ ತೆರೆದ್ರ ಮ್ಯಾಲ ಕೆಳಗ ಚುಕ್ಕಿ-ಗೀರು ಇರೂ ಇಂಗ್ಲಿಷ್ ಅಕ್ಷರದ ರಾಶಿ ಕಾಣ್ತದ. ವೆಬ್‌ಸೈಟಿಗೆ ಹಾಕಿದ್ರ ಹುಡುಕಿದವರಿಗೆ ಸಿಗೂದಿಲ್ಲ. ಆದ್ರ ಪ್ರೆಸ್ಸಿನವರು, ಸರ್ಕಾರಿ ಆಫೀಸಿನವರು ಇವತ್ತಿಗೂ ಅದರಾಗಽ ಕಳಸ್ತಾರ. ಎರಡೂ ತಿಳಕೊಂಡಿರಬೇಕು, ಒಂದರಿಂದ ಇನ್ನೊಂದಕ್ಕ ಬದಲಿ ಮಾಡಿದ ಮ್ಯಾಲ ಅರ್ಕಾವೊತ್ತು ಸರಿ ಬಂದಾವೇನು ಅಂತ ಕಣ್ಣಿಟ್ಟು ಓದಬೇಕು.

ಪೇಢಾ_ಪಾರ್ಟಿ
ಫೋಟೋಶಾಪಿಗೂ ಗೊತ್ತೈತಿ ನೋಡ್ರಿ, ತ್ರಾಸು ಕೊಡೂದು ಯಾವಾಗಲೂ ಹುಬ್ಬಳ್ಳಿನಽ. ನಾವು ಧಾರವಾಡದವರು ಯಾರ ಗೊಡವಿಗೂ ಹೋಗೂದಿಲ್ಲ.

ದುರ್ಗದಬೈಲ್
ಯಾರ ಗೊಡವಿಗೂ ಹೋಗೂದಿಲ್ಲ ಅಂತಽ ನಿಮ್ಮ ಹೆಸರಿಲೆ ಒಂದು ಫಾಂಟ್ ಸೈತ ಇಲ್ಲ. ಗೂಗಲ್ ಫಾಂಟ್ಸಿನ್ಯಾಗ 'ಹುಬ್ಬಳ್ಳಿ' ಅಂತ ಕನ್ನಡ ಫಾಂಟ್ ಐತಿ, ಎರಿನ್ ಮೆಕ್‌ಲಾಫ್ಲಿನ್ ಮಾಡಿದ್ದು. ಪುಕ್ಕಟೆ ಇಳಿಸ್ಕೋರಿ, ಪೇಢಾ ಡಬ್ಬಿ ಮ್ಯಾಲೂ ಹಾಕ್ಕೋಬಹುದು.

ಪೇಢಾ_ಪಾರ್ಟಿ
ಪೇಢಾ ಡಬ್ಬಿ ಮ್ಯಾಲ ಹುಬ್ಬಳ್ಳಿ? ಜಗಳಕ್ಕ ಕರದಂಗಾತು.

ಸಾಧನಕೇರಿ
ಒತ್ತಕ್ಷರ ಅವರು ಹೇಳಿದ್ದಕ್ಕೆ ಒಂದು ಸೇರಿಸ್ತೇನೆ. ಇಂಗ್ಲಿಷ್ ಟೆಂಪ್ಲೇಟು ತಗೊಂಡು ಅದರ ಮೇಲೇ ಕನ್ನಡ ಸುರಿಯೋದು ನಮ್ಮ ಹುಡುಗರ ದೊಡ್ಡ ಚಟ. ಇಂಗ್ಲಿಷ್ ಸಾಲಿಗೆ ಇಟ್ಟ ಅಂತರ ಕನ್ನಡಕ್ಕೆ ಸಾಲೂದಿಲ್ಲ. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು-ದೀರ್ಘಕ್ಕೆ ಹೋಗಿ ಬಡೀತದ. 'ರಾಷ್ಟ್ರೀಯ' ಅಂತ ಒಂದು ಸಾಲು, ಕೆಳಗೆ 'ವಿದ್ಯಾರ್ಥಿ ನಿಲಯ' ಅಂತ ಇನ್ನೊಂದು ಬರೆದು ನೋಡ್ರಿ. ಷಕಾರದ ಕೆಳಗೆ ಟ, ಅದರ ಕೆಳಗೆ ರ, ಎರಡು ಅಂತಸ್ತಿನ ಮನಿ. ಅದಕ್ಕೆ ಜಾಗ ಬಿಡಬೇಕು. ಅಕ್ಷರದ ನಡುವಿನ ಜಾಗ ಎಳೆದು ಹಿಗ್ಗಿಸೋದಂತೂ ಮಾಡಲೇಬಾರದು, ಒತ್ತು ತನ್ನ ಅಕ್ಷರ ಬಿಟ್ಟು ಮುಂದಿನವರ ಮನಿಗೆ ಹೋಗಿ ಕೂಡ್ತದ.

ಇದನ್ನ ಬ್ರಶ್ ಹಿಡಿದು ಬೋರ್ಡ್ ಬರೀತಿದ್ದ ಪೇಂಟರುಗಳು ಅಳತೆ ಪಟ್ಟಿ ಇಲ್ಲದೇ ತಿಳಿದಿದ್ದರು. ಮೊದಲು ಸುಣ್ಣದ ದಾರ ಬಡಿದು ಎರಡು ಗೆರೆ, ಒತ್ತಿಗೆ ಮೂರನೇ ಗೆರೆ. ನಮ್ಮ ಭಾಗದಾಗ ಚಿತ್ರಕಲೆ ಕಲಿಸೋ ಪರಂಪರೆಗೇನು ಕಡಿಮೆ ಇಲ್ಲ. ಧಾರವಾಡದಾಗ ಡಿ.ವಿ. ಹಾಲಭಾವಿ, ಗದಗದಾಗ ಟಿ.ಪಿ. ಅಕ್ಕಿ ಕಟ್ಟಿದ ಶಾಲೆಗಳಿಂದ ಎಷ್ಟು ಮಂದಿ ಹೊರಗೆ ಬಂದಾರ. ತಂಗಿಗೆ ವಯಸ್ಸಿದೆ, ವೇಳೆ ಇದೆ ಅಂದ್ರ ಬಿ.ವಿ.ಎ. (ಚಿತ್ರಕಲೆಯ ಡಿಗ್ರಿ) ಯಾಕೆ ನೋಡಬಾರದು?

ಕೊಪ್ಪೀಕರ್_ರೋಡ್
ಬಿ.ಎ. ಮುಗಿಸಿದಾಕಿಗೆ ಮತ್ತ ನಾಲ್ಕು ವರ್ಷ ಓದು ಅಂತೀರಲ್ರೀ. ಅಪ್ಪಾಜಿ ಬಿ.ಎಡ್. ಫಾರ್ಮ್ ಜೋಡಿ ಮದುವಿ ಬಯೋಡಾಟಾನೂ ತುಂಬಿಸ್ತಾರ.

ತೋಳನಕೆರೆ
ಬಯೋಡಾಟಾ ಡಿಸೈನೂ ನಮ್ಮ ಅಂಗಡ್ಯಾಗಽ ಆಗ್ತಿತ್ತು. ಮ್ಯಾಲ ಗಣಪತಿ, ಎಡಕ್ಕ ಕಳಸ, ಎತ್ತರ 5 ಅಡಿ 4 ಇಂಚು.

ಹಳೇ_ರೋಲ್
ನನಗ 63. ರೋಲ್ ಕಾಲದಿಂದ ಸ್ಟುಡಿಯೋ ಇಟ್ಟಾಂವ, ಈಗ ಮಗ ನಡಸ್ತಾನ. ಎಲ್ಲಾರೂ ಫೋಟೋಶಾಪ್ ಫೋಟೋಶಾಪ್ ಅನ್ನಾಕತ್ತೀರಿ. ಫೋಟೋ ತೆಗೆಯೂದು ಯಾರು ಕಲಸವರು?

ನಮ್ಮ ಕಾಲಕ್ಕ ಒಂದು ರೋಲಿಗೆ 36. ಒಂದು ಮದುವಿಗೆ ಮೂರು ರೋಲ್ ಕೊಡ್ತಿದ್ರು. ತಾಳಿ ಕಟ್ಟೂ ಹೊತ್ತಿಗೆ ರೋಲ್ ಮುಗದ್ರ ಹೊಡತಾನಽ ತಿನ್ನಬೇಕು. ಹಂಗಾಗಿ ಬಟನ್ ಒತ್ತೂಕಿಂತ ಮೊದಲ ನೋಡೂದು ಕಲತ್ವಿ. ಟಚಿಂಗ್ ಆವಾಗೂ ಇತ್ತು ತಂಗೀ. ಮುಖದ ಮ್ಯಾಲಿನ ಕಪ್ಪು ಕಲಿ ನೆಗೆಟಿವ್‌ನ್ಯಾಗ ತಿಳಿಯಾಗಿ ಕಾಣ್ತದ, ಅದನ್ನ ಚೂಪ ಸೀಸದಕಡ್ಡಿಲೆ ಮುಳ್ಳಿನಂಥಾ ಚುಕ್ಕಿ ಇಟ್ಟು ಇಟ್ಟು ತುಂಬ್ತಿದ್ವಿ. ಪ್ರಿಂಟ್‌ನ್ಯಾಗ ಕಲಿ ಮಾಯ. ಒಂದು ಚುಕ್ಕಿ ಹೆಚ್ಚಾತಂದ್ರ ಮದುಮಗಳ ಗಲ್ಲದ ಮ್ಯಾಲ ಬೆಳ್ಳಗ ಸುಣ್ಣದ ಬೊಟ್ಟು. ಇವತ್ತಿನ ಫೋಟೋಶಾಪಿನ ಹೀಲಿಂಗ್ ಬ್ರಶ್ ಅಂದ್ರ ಅದಽ ಸೀಸದಕಡ್ಡಿ, ತಪ್ಪಾದ್ರ ಹಿಂದ ಹೋಗಬಹುದು ಅಷ್ಟಽ.

ಒಂದು ಅಭ್ಯಾಸ ಕೊಡ್ತೀನಿ, ಮಾಡು. ಕ್ಯಾಮೆರಾದ ಹಿಂದಿನ ಪರದೆಗೆ ರಟ್ಟು ಅಂಟಿಸು. ಐಎಸ್‌ಒ (ಬೆಳಕು ಹಿಡಿಯೂ ಚುರುಕು) 100, ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 16, ಶಟರ್ 1/125 ಸೆಕೆಂಡು. ಖಡಕ್ ಬಿಸಲಿನ್ಯಾಗ ಇದು ಕಣ್ಣು ಮುಚ್ಚಿ ಸರಿ ಬರ್ತದ. ಅಲ್ಲಿಂದ ನೆರಳಿಗೆ ಬಂದಂಗ ಎಷ್ಟು ತೆರಿಬೇಕು ಅಂತ ನೀನಽ ಅಂದಾಜು ಮಾಡು. ದಿನಕ್ಕ 36 ಅಷ್ಟಽ, ಒಂದೂ ಅಳಸಂಗಿಲ್ಲ. ರಾತ್ರಿ ಕುಂತು ನೋಡು.

ಶಿಗ್ಗಾಂವಿ_ಸಂತಿ
ಹಳೇ_ರೋಲ್ ಕಾಕಾರ ಮಾತಿಗೆ ಜೋಡಿ ಒಂದು ಜಾಗ ಹೇಳ್ತೀನಿ. ಹೆದ್ದಾರಿ ಬಾಜೂಕ ಗೊಟಗೋಡಿ ಉತ್ಸವ್ ರಾಕ್ ಗಾರ್ಡನ್, ಕಲಾವಿದ ಸೊಲಬಕ್ಕನವರ ಅವರದು. ಕಣಾ ಮಾಡವರು, ಎಮ್ಮಿ ಹಿಂಡವರು, ಕಟ್ಟಿ ಮ್ಯಾಲ ಕುಂತ ಹಿರಿಯರು, ಎಲ್ಲಾ ಮನಷ್ಯಾನ ಅಳತಿ ಮೂರ್ತಿಗಳು. ಅವ್ರು ಅಲ್ಲಾಡೂದಿಲ್ಲ, ಬೈಯೂದಿಲ್ಲ, "ನನ್ನ ಫೋಟೋ ಯಾಕ ತೆಗದಿ" ಅಂತ ಕೇಳೂದಿಲ್ಲ. ಒಂದಽ ಮೂರ್ತಿ ಹಿಡಕೊಂಡು ಮುಂಜಾನಿ ಒಮ್ಮೆ, ನಡು ಮಧ್ಯಾಹ್ನ ಒಮ್ಮೆ, ಸಂಜಿ ಒಮ್ಮೆ ತೆಗೀರಿ. ಮಧ್ಯಾಹ್ನ ಕಣ್ಣಿನ ಕುಳಿಯೊಳಗ ಕತ್ತಲಿ, ಸಂಜಿಗೆ ಅದಽ ಮುಖ ಮಾತಾಡಿದಂಗ. ಬೆಳಕಿನ ಪಾಠಕ್ಕ ಟಿಕೆಟ್ ರೊಕ್ಕ ಅಷ್ಟಽ ಖರ್ಚು.

ಬ್ಯಾಡಗಿ_ಖಾರ
ಬೆಳಕು ಬಿಡ್ರಿ, ಬಣ್ಣದ ಪಾಠ ಬೇಕಾದ್ರ ನಮ್ಮೂರಿಗೆ ಬರ್ರಿ. ಸೀಜನ್ನಿನ್ಯಾಗ ಮೆಣಸಿನಕಾಯಿ ಮಾರ್ಕೆಟಿಗೆ ಪೇಟೆಯಿಂದ ಫೋಟೋ ತೆಗೆಯವರು ಬರ್ತಾರ, ಸೀನ್ಕೋತ ಸೀನ್ಕೋತ ನೂರು ಹೊಡೀತಾರ, ಮನಿಗೆ ಹೋಗಿ ನೋಡಿದ್ರ ಎಲ್ಲಾ ಕೆಂಪು ಬಣ್ಣದ ಡಬ್ಬಿ ಚೆಲ್ಲಿದಂಗ. ಒಂದು ಕಾಯಿ ಇನ್ನೊಂದರಿಂದ ಬ್ಯಾರೆ ಕಾಣೂದಿಲ್ಲ. ಬ್ಯಾಡಗಿ ಮೆಣಸಿನಕಾಯಿ ಅಂದ್ರ ಸುಕ್ಕು. ಖಾರ ಕಡಿಮಿ, ಬಣ್ಣ ಜಾಸ್ತಿ, ಮೈ ತುಂಬ ಸುಕ್ಕು. 2011ರಾಗ ಜಿಐ ಟ್ಯಾಗ್ ಸಿಕ್ಕೈತಿ. ಸುಕ್ಕು ಕಾಣಲಿಲ್ಲ ಅಂದ ಮ್ಯಾಲ ಅದು ಗುಂಟೂರು ಕಾಯಿನೂ ಆಗಬಹುದು!

ನಾನೂ ಎರಡು ವರ್ಷ ಹಂಗಽ ಕೆಡಿಸಿದೆ. ಆಮ್ಯಾಲ ಗೊತ್ತಾತು, ಕ್ಯಾಮೆರಾ ಒಟ್ಟು ಹಿಸ್ಟೋಗ್ರಾಮ್ (ಬೆಳಕು ಎಷ್ಟು ಬಿತ್ತು ಅನ್ನೂ ನಕ್ಷಿ) ತೋರಸೂದು ಸಾಲೂದಿಲ್ಲ. ಆರ್‌ಜಿಬಿ, ಅಂದ್ರ ಕೆಂಪು-ಹಸಿರು-ನೀಲಿ ಮೂರೂ ಬ್ಯಾರೆ ಬ್ಯಾರೆ ತೋರಸೂದು ಆನ್ ಮಾಡಬೇಕು. ಒಟ್ಟು ಗೆರಿ ನಡುವ ಇರ್ತದ, ಕೆಂಪು ಒಂದಽ ಬಲಕ್ಕ ಹೋಗಿ ಗ್ವಾಡಿಗೆ ಹಾದಿರ್ತದ. ಕೆಂಪು ಸುಟ್ಟಮ್ಯಾಲ ಸುಕ್ಕು ಎಲ್ಲಿಂದ ಬರಬೇಕು? ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಒಂದು ಸ್ಟಾಪ್ ಕೆಳಗ (ಬೆಳಕು ಅರ್ಧ), ಕ್ಯಾಮೆರಾ ತಿದ್ದದ ರಾ ಫೈಲ್, ಪಿಕ್ಚರ್ ಸ್ಟೈಲ್ ವಿವಿಡ್ ಇದ್ರ ತೆಗದು ನ್ಯೂಟ್ರಲ್. ಹಿಂಗ ಮಾಡಿದ ದಿನಾ ನಮ್ಮೂರ ಕಾಯಿ ನಮ್ಮೂರ ಕಾಯಿ ಆತು.

ಸಾಧನಕೇರಿ
ಇದರ ಹಿಂದಿನ ಕಾರಣ ಚೆಂದ ಅದ. ಸಾಮಾನ್ಯವಾಗಿ ಸೆನ್ಸರಿನೊಳಗ ಪ್ರತಿ ನಾಲ್ಕು ಚುಕ್ಕಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ ಗಾಜು. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ. ಮನುಷ್ಯನ ಕಣ್ಣು ಹಸಿರಿನೊಳಗೆ ಹೆಚ್ಚು ಸೂಕ್ಷ್ಮ ನೋಡ್ತದ ಅಂತ ಹಸಿರಿಗೆ ಎರಡು ಪಾಲು. ಬರೀ ಕೆಂಪು ರಾಶಿ ತೆಗೆದಾಗ ನಿಮ್ಮ 24 ಮೆಗಾಪಿಕ್ಸೆಲ್‌ನೊಳಗ ನೆಟ್ಟಗೆ ದುಡಿಯೋದು 6. ಅವೂ ಸುಟ್ಟುಹೋದರೆ ಏನೂ ಉಳಿಯೂದಿಲ್ಲ.

ಪೇಢಾ_ಪಾರ್ಟಿ
ಉಳಿದ 18 ಮೆಗಾಪಿಕ್ಸೆಲ್ ಏನ್ ಮಾಡ್ತಾವ್ರಿ? ಕಟ್ಟಿ ಮ್ಯಾಲ ಕುಂತು ಚಹಾ ಕುಡೀತಾವೇನು?

ಸಾಧನಕೇರಿ
ಪಕ್ಕದವರನ್ನ ಕೇಳಿ ಅಂದಾಜು ಹೇಳ್ತಾವ. ಕಟ್ಟಿ ಮೇಲೆ ಕೂತವರ ಕೆಲಸಾನೂ ಅದೇ ಅಲ್ಲ?

ಉಣಕಲ್_ಕೆರಿ
ನಾ ಮದುವಿ ಫೋಟೋಗ್ರಾಫರ್. ತಂಗಿಗೆ ಒಂದು ಮಾತು: ಏನು ತೆಗದ್ರೂ 300 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ ಅನ್ನೂ ಲೆಕ್ಕ) ಇಡು. ಅದಕ್ಕಿಂತ ಕಡಿಮಿ ಇದ್ರ ಪ್ರಿಂಟ್ ಒಡೀತದ.

ಬೆಟಗೇರಿ_ಮಗ್ಗ
ತಪ್ಪು ನೋಡ್ರಿ ಅಣ್ಣಾರ. ನಮ್ಮದು ಗದಗಿನ್ಯಾಗ ಆಫ್‌ಸೆಟ್ ಪ್ರೆಸ್. "300 ಇಡು" ಅನ್ನೂ ಮಾತು ಕೇಳಿ ಕೇಳಿ ಸಾಕಾಗೈತಿ. ಹುಡುಗರು ವಾಟ್ಸಾಪಿನ್ಯಾಗ ಬಂದ ಫೋಟೋಕ್ಕ ಡಬ್ಬಿಯೊಳಗ 300 ಅಂತ ಟೈಪ್ ಮಾಡಿ "ಆತ್ರಿ ಸರ್, ಹೈ ರೆಸಲ್ಯೂಶನ್" ಅಂತಾರ. ಎಮ್ಮಿಗೆ ನೀರು ಕುಡಿಸಿ ಹಾಲು ಹೆಚ್ಚಾತು ಅಂದಂಗ. ಪಿಕ್ಸೆಲ್ ಎಷ್ಟವ ಅನ್ನೂದಽ ಲೆಕ್ಕ. ವಾಟ್ಸಾಪ್ ಸಾದಾ ಕಳಿಸಿದ್ರ ಉದ್ದನ ಬದಿ ಸುಮಾರು 1600 ಪಿಕ್ಸೆಲಿಗೆ ಇಳಸ್ತದ. 300ರ ಲೆಕ್ಕಕ್ಕ 5 ಇಂಚು ಚಿಲ್ಲರೆ. ಕ್ಯಾಮೆರಾದ 6000 ಪಿಕ್ಸೆಲ್ ಅಂದ್ರ 20 ಇಂಚು. ಡಾಕ್ಯುಮೆಂಟ್ ಅಂತ ಕಳಸ್ರಿ ಅಂದ್ರ ಯಾರೂ ಕಳಸೂದಿಲ್ಲ.

ಅದರ ಮ್ಯಾಲ ಎಲ್ಲಾ ಪ್ರಿಂಟಿಗೂ 300 ಬೇಕಾಗಿಲ್ಲ. 10×8 ಅಡಿ ಫ್ಲೆಕ್ಸಿಗೆ 72 ಇಟ್ರ 8640×6912 ಪಿಕ್ಸೆಲ್, ಧಾರಾಳ ಆತು. ಅದನ್ನ ಯಾರು ಮೂಗು ಹಚ್ಚಿ ನೋಡ್ತಾರ? ಅದಕ್ಕೂ 300 ಇಟ್ಟು ಕಳಸ್ತಾರ, ಕಾಕಾನ ಅಂಗಡಿ ಕಂಪ್ಯೂಟರ್ ಹ್ಯಾಂಗ್ ಆಗಿ ಕುಂದರ್ತದ.

ಒತ್ತಕ್ಷರ
ಪತ್ರಿಕೆಗೂ 300 ಬೇಕಿಲ್ಲ. ನ್ಯೂಸ್‌ಪ್ರಿಂಟ್ ಕಾಗದ ಶಾಯಿ ಕುಡೀತದ, ಚುಕ್ಕಿ ಹರಡ್ತದ, ಅದಕ್ಕ ಸ್ಕ್ರೀನ್ (ಛಾಪಾದ ಚುಕ್ಕಿ ಸಾಲು) ಇಂಚಿಗೆ 85ರಿಂದ 100 ಗೆರಿ ಅಷ್ಟಽ ಇರ್ತದ. ಅದರ ಎರಡು ಪಟ್ಟು, 170ರಿಂದ 200 ಸಾಕು.

ಉಣಕಲ್_ಕೆರಿ
ಒಪ್ಪಿದೆ ಬಿಡ್ರಿ. ನಮ್ಮ ಆಲ್ಬಮ್ಮಿಗೆ 300 ಬೇಕು, ಅದನ್ನಽ ಎಲ್ಲಾರಿಗೂ ಹೇಳ್ಕೋತ ಬಂದಿದ್ದೆ.

ತೋಳನಕೆರೆ
ನಡುವ ಒಂದು ಮಾತು. ಕರ್ನಾಟಕದಾಗ 2016ರಾಗಽ ಪ್ಲಾಸ್ಟಿಕ್ ಕೈಚೀಲದ ಜೋಡಿ ಫ್ಲೆಕ್ಸೂ ಬ್ಯಾನ್ ಅಂತ ಆದೇಶ ಆಗೇತಿ. ಚೌಕಿಗೆ ನಿಂತು ನೋಡಿದ್ರ ಗೊತ್ತಾಗೂದಿಲ್ಲ, ಅದು ಬ್ಯಾರೆ ಮಾತು. ಕಾಕಾನ ಧಂದಾದ ಮ್ಯಾಲ ಪೂರಾ ನಂಬಿ ಕೂಡಬ್ಯಾಡವಾ.

ಕೊಪ್ಪೀಕರ್_ರೋಡ್
ಬಟ್ಟಿ ಬ್ಯಾನರ್ ಬಂದಾವು ಈಗ. ಡಿಸೈನ್ ಮಾಡವರಿಗೆ ಫ್ಲೆಕ್ಸ್ ಆದ್ರೇನು, ಬಟ್ಟಿ ಆದ್ರೇನು.

ಬೆಂಗೇರಿ_ನೂಲು
ಬಟ್ಟಿ ಅಂದ್ರಿ ಅಂತ ಬಂದೆ. ನಮ್ಮ ಹುಬ್ಬಳ್ಳಿ ಬೆಂಗೇರಿ ಖಾದಿ ಕೇಂದ್ರದಾಗ ರಾಷ್ಟ್ರಧ್ವಜ ಮಾಡ್ತಾರಲ್ಲ, ಡಿಸೈನ್ ಕಲಿಯವರು ಅದನ್ನ ತಿಳಕೋಬೇಕು ನೋಡ್ರಿ. ಉದ್ದ-ಅಗಲ 3:2, ಚಕ್ರಕ್ಕ 24 ಕಡ್ಡಿ, ಬಣ್ಣಕ್ಕೂ ನೂಲಿಗೂ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನದಂಡ. ತುಸು ಹೆಚ್ಚು-ಕಡಿಮಿ ಆದ್ರ ತೆಗದು ಒಗೀತಾರ. ಆಗಸ್ಟ್ 15ಕ್ಕ ಬರೂ ಪೋಸ್ಟರಿನ್ಯಾಗ ಚಕ್ರದ ಕಡ್ಡಿ ಎಣಿಸಿ ನೋಡ್ರಿ, ಒಂದರಾಗ 16, ಒಂದರಾಗ 30.

ದುರ್ಗದಬೈಲ್
ಈಗ ಎಐ ಮಾಡಿದ ಪೋಸ್ಟರ್ ಬರಾಕತ್ತಾವಲ್ಲ, ಅದರಾಗ ಚಕ್ರ ಬಿಡ್ರಿ, ಕನ್ನಡ ಓದ್ರಿ. ಮೊನ್ನೆ ಒಂದು ಶುಭಾಶಯ ನೋಡಿದೆ. ಅಕ್ಷರ ಕನ್ನಡದಂಗಽ ಇದ್ವು, ಓದಾಕ ಹೋದ್ರ ಯಾವ ಭಾಷಾನೂ ಅಲ್ಲ. ನಮ್ಮ ಅಜ್ಜಿ "ಇದು ಹಳೇ ಮರಾಠಿ ಮೋಡಿ ಲಿಪಿ ಇರಬೇಕು" ಅಂದ್ಳು.

ತೋಳನಕೆರೆ
ಹೌದಽ ಹೌದು. ಆದ್ರ 42 ಮಂದಿ ಮುಖ ಕತ್ತರಿಸೂದು ಈಗ ಒಂದು ಬಟನ್. ನನ್ನ ಮೂರು ವರ್ಷದ ತಪಸ್ಸು ಹೋತು. ಅದಕ್ಕಽ ಹೇಳಾಕತ್ತೇನಿ, ಕೈ ಚಳಕ ಒಂದನ್ನಽ ನಂಬಬ್ಯಾಡ.

ಹಾವೇರಿ_ಏಲಕ್ಕಿ
ಇಷ್ಟು ಮಂದಿ ಬರದ್ರಲ್ರೀ, ಓದಿ ತಲಿ ಗಿರ್ ಅಂತು. ಎರಡು ಸಣ್ಣ ಪ್ರಶ್ನಿ. 4 ಜಿಬಿ ಲ್ಯಾಪ್‌ಟಾಪಿನ್ಯಾಗ ಫೋಟೋಶಾಪ್ ನಡೀತೈತೇನು? ಫ್ರೆಂಡ್ ಒಬ್ಬಾಕಿ ಕ್ರ್ಯಾಕ್ (ರೊಕ್ಕ ಕೊಡದ ಕಳ್ಳ ಕಾಪಿ) ಕೊಡ್ತೀನಿ ಅಂತಾಳ. ಮತ್ತ ರೊಕ್ಕ ಇಲ್ಲದ ಕೋರ್ಸ್ ಯಾವುದರ ಐತೇನು?

ಒತ್ತಕ್ಷರ
ಕ್ರ್ಯಾಕ್ ಮುಟ್ಟಬ್ಯಾಡ. ನಮ್ಮ ಆಫೀಸಿನ್ಯಾಗ ಒಬ್ಬ ಪೆನ್‌ಡ್ರೈವಿನ್ಯಾಗ ತಂದಿದ್ದ, ಶನಿವಾರದ ಪುರವಣಿ ಫೈಲೆಲ್ಲಾ ಹೋದ್ವು. 4 ಜಿಬಿಗೆ ಹೊಸ ಫೋಟೋಶಾಪ್ ಎಳಿಯೂದಿಲ್ಲ. ಫೋಟೋಕ್ಕ ಜಿಂಪ್ ಹಾಕ್ಕೋ, ಚಿತ್ರ ಬರಿಯಾಕ ಇಂಕ್‌ಸ್ಕೇಪ್ ಹಾಕ್ಕೋ, ಎರಡೂ ಪುಕ್ಕಟೆ. ಒಂದು ಮಜಾ ಗೊತ್ತೇನು, ಅವೆರಡರಾಗ ಹುಬ್ಬಳ್ಳಿ ಅಂತ ಬರೆದ್ರ ಯಾವ ಸೆಟ್ಟಿಂಗೂ ಮುಟ್ಟದಽ ನೆಟ್ಟಗ ಬರ್ತದ. ಪುಕ್ಕಟೆದ್ದು ಕನ್ನಡ ಓದ್ತದ, ರೊಕ್ಕದ್ದಕ್ಕ ಕಲಿಸಬೇಕು.

ಉಣಕಲ್_ಕೆರಿ
ಜಿಂಪ್ ಕಲತು ಯಾರ ಆಫೀಸಿನ್ಯಾಗ ಕೆಲಸ ಸಿಗ್ತದ್ರಿ? ಎಲ್ಲಾರೂ ಕೇಳೂದು ಫೋಟೋಶಾಪ್, ಕೋರಲ್ ಡ್ರಾ.

ಒತ್ತಕ್ಷರ
ಲೇಯರ್, ಮಾಸ್ಕ್, ಕರ್ವ್ಸ್ (ಬೆಳಕು-ಬಣ್ಣ ಏರಿಳಸೂ ಗೆರಿ) ಎಲ್ಲಾ ಕಡೆ ಒಂದಽ. ಸೈಕಲ್ ಕಲತಾಕಿಗೆ ಸ್ಕೂಟಿ ಎರಡು ದಿನದ ಮಾತು. ಆದ್ರ ನೀವು ಹೇಳೂದೂ ಖರೇನ, ಕೆಲಸ ಕೇಳೂಕಿಂತ ಮೊದಲ ಒಂದು ತಿಂಗಳರ ಫೋಟೋಶಾಪ್, ಇನ್‌ಡಿಸೈನ್ ಮ್ಯಾಲ ಕೈ ಆಡಬೇಕು. ಮತ್ತ ಜಿಂಪ್ ಸಿಎಂವೈಕೆದಾಗ (ಪ್ರೆಸ್ಸಿನ ನಾಲ್ಕು ಶಾಯಿ: ಸಯಾನ್ ನೀಲಿ, ಮಜೆಂಟಾ ಗುಲಾಬಿ, ಹಳದಿ, ಕಪ್ಪು) ಕೆಲಸ ಮಾಡೂದಿಲ್ಲ, ಪ್ರೆಸ್ಸಿಗೆ ಕಳಸೂದಕ್ಕ ಪುಟ ಕಟ್ಟೂ ಸ್ಕ್ರೈಬಸ್ ನೋಡಬೇಕು.

ಶಿಗ್ಗಾಂವಿ_ಸಂತಿ
ಪುಕ್ಕಟೆ ಕೋರ್ಸಿಗೆ ಧಾರವಾಡದ ರುಡ್‌ಸೆಟ್ ಸಂಸ್ಥೆಯಾಗ ಕೇಳ್ರಿ. ಊಟ-ವಸತಿ ಜೋಡಿ ತರಬೇತಿ ಕೊಡ್ತಾರ, ಫೋಟೋಗ್ರಫಿ-ವಿಡಿಯೋಗ್ರಫಿ ಬ್ಯಾಚ್ ಯಾವಾಗ ಐತಿ ಅಂತ ವಿಚಾರಿಸ್ರಿ. ಐಟಿಐ ಒಳಗೂ ಡಿಟಿಪಿ (ಕಂಪ್ಯೂಟರಿನ್ಯಾಗ ಪುಟ ಕಟ್ಟೂದು) ಆಪರೇಟರ್, ಡಿಜಿಟಲ್ ಫೋಟೋಗ್ರಾಫರ್ ಅಂತ ಟ್ರೇಡ್ ಅದಾವು, ಎಲ್ಲಾ ಐಟಿಐದಾಗ ಇರೂದಿಲ್ಲ. ಮಂದಿಗೆ ಫಿಟ್ಟರ್, ಎಲೆಕ್ಟ್ರಿಶಿಯನ್ ಅಷ್ಟಽ ಗೊತ್ತು.

ಉಣಕಲ್_ಕೆರಿ
ಇಲ್ಲಿ ಎಲ್ಲಾರೂ ತಿಳದವರು ಅದೀರಿ, ನನ್ನದೊಂದು ಸಂಕಟ ಕೇಳ್ರಿ. ನಾ ತೆಗದ ಮದುವಿ ಫೋಟೋ ಇನ್‌ಸ್ಟಾಗ್ರಾಮಿಗೆ ಹಾಕಿದೆ. ಹುಡುಗಿ ಮನಿಯವರು ತೆಗೀರಿ ಅಂತ ಗಂಟುಬಿದ್ದಾರ. ಕ್ಯಾಮೆರಾ ನಂದು, ಕಣ್ಣು ನಂದು, ಫೋಟೋ ನಂದಲ್ಲೇನು?

ಸಾಧನಕೇರಿ
ಅಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮು ಓದ್ರಿ. ರೊಕ್ಕ ಕೊಟ್ಟು ಹೇಳಿ ತೆಗೆಸಿದ ಫೋಟೋಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರೇ ಮೊದಲ ಮಾಲೀಕರು. ನೀವು ನಿಮ್ಮ ಮನಸ್ಸಿಗೆ ಉಣಕಲ್ ಕೆರಿ ಮೇಲಿನ ಸೂರ್ಯಾಸ್ತ ತೆಗೆದರೆ ಅದು ನಿಮ್ಮದು. ಮುಂದಿನ ಮದುವಿಗೆ ಅಡ್ವಾನ್ಸ್ ತಗೊಳ್ಳುವಾಗಲೇ ಒಂದು ಸಾಲು ಬರೆಸ್ಕೋರಿ.

ಉಣಕಲ್_ಕೆರಿ
12 ವರ್ಷದಿಂದ ಧಂದಾ ಮಾಡಾಕತ್ತೇನಿ, ಇವತ್ತು ಗೊತ್ತಾತು. ತೆಗದೆ ಬಿಡ್ರಿ ಫೋಟೋ.

ಹಳೇ_ರೋಲ್
ನಮ್ಮ ಕಾಲಕ್ಕ ಹುಡುಗಿ ಫೋಟೋ ಸ್ಟುಡಿಯೋದ ಶೋಕೇಸಿನ್ಯಾಗ ಇಟ್ರ ಅಣ್ಣತಮ್ಮರು ಬಂದು ಗಾಜಽ ಒಡದು ಹೋಗ್ತಿದ್ರು. ಕಲಮು-ಗಿಲಮು ಯಾರೂ ಕೇಳ್ತಿರಲಿಲ್ಲ.

ಹಾವೇರಿ_ಏಲಕ್ಕಿ
ಐದು ವಾರ ಆತು, ಬಂದೆ. ನಡದದ್ದೆಲ್ಲಾ ಹೇಳ್ತೀನಿ.

ಇನ್‌ಸ್ಟಿಟ್ಯೂಟಿಗೆ ಹೋಗಿ ಹುಬ್ಬಳ್ಳಿ ಬರೀರಿ ಅಂದೆ. ಸರ್ ಬರದ್ರು. ಒಡದು ಬಿತ್ತು! "ವರ್ಷನ್ ಪ್ರಾಬ್ಲಂ" ಅಂದ್ರು. ಟೈಪ್ ಸೆಟ್ಟಿಂಗ್ ಹೇಳಿದೆ. ಅವರು ಬದಲು ಮಾಡಿ, ಮತ್ತ ಬರದು, ನೆಟ್ಟಗ ಬಂದ ಮ್ಯಾಲ ನನ್ನ ಮುಖ ನೋಡಿ "ಮೇಡಂ, ನೀವು ಕಲಿಸಾಕ ಬರ್ತೀರೇನು?" ಅಂತ ಕೇಳಿದ್ರು. ಚಾಷ್ಟಿಯೋ ಖರೇನೋ ಗೊತ್ತಾಗ್ಲಿಲ್ಲ. ರೊಕ್ಕ ಅಂತೂ ಕಟ್ಟಲಿಲ್ಲ.

ಗದಗಿಗೆ ಬಂದೀನಿ. ಮುಂಜಾನಿ ಕಾಕಾನ ಅಂಗಡಿ, ಮಧ್ಯಾಹ್ನ ಕಾಕಾನ ಗುರ್ತಿನ ಪ್ರೆಸ್. ರಟ್ಟು ಅಂಟಿಸಿ ದಿನಾ 36 ತೆಗೀತೀನಿ. ಮೊದಲ ವಾರ 36ರಾಗ 30 ಬೆಳ್ಳಗ ಸುಟ್ಟಿದ್ವು, ಈಗ 10 ಕೆಡ್ತಾವು. ಬ್ಯಾಡಗಿಗೂ ಹೋಗಿ ಬಂದೆ. ಸೀಜನ್ ಅಲ್ಲ, ಆದ್ರ ಒಂದು ಅಡತಿ ಅಂಗಡಿ ಮುಂದ ಸಣ್ಣ ರಾಶಿ ಸಿಕ್ತು. ಒಂದು ಸ್ಟಾಪ್ ಕೆಳಗ ಇಟ್ಟೆ, ಪರದೆ ಮ್ಯಾಲ ಸುಕ್ಕು ಎಣಿಸಬಹುದಿತ್ತು. ಖುಷಿಲೆ ಪ್ರೆಸ್ಸಿಗೆ ತಗೊಂಡು ಹೋಗಿ, ಅವ್ರು ನ್ಯೂಸ್‌ಪ್ರಿಂಟ್ ಮ್ಯಾಲ ಒಂದು ಕರಪತ್ರ ಹೊಡ್ಯಾಕತ್ತಿದ್ರು, ಅದರ ಮೂಲ್ಯಾಗ ಹಾಕಿಸಿದೆ. ಬಂದದ್ದು ನೋಡಿದ್ರ ಹಂಚಿನ ತುಂಡು. ಕೆಂಪೂ ಅಲ್ಲ, ಕಂದೂ ಅಲ್ಲ, ಸುಕ್ಕು ಒಂದೂ ಇಲ್ಲ. ಅಕ್ಷರದ್ದೂ ಹಾಳು: ಕಪ್ಪು ಅಕ್ಷರದ ಬಾಜೂಕ ಗುಲಾಬಿ ನೆರಳು ಬಿದ್ದೈತಿ. ಏನ್ ತಪ್ಪು ಮಾಡಿದೆ?

ಬೆಟಗೇರಿ_ಮಗ್ಗ
ಅಕ್ಷರದ್ದು ನಾ ಹೇಳ್ತೀನಿ. ಆರ್‌ಜಿಬಿ ಕಪ್ಪು ಸಿಎಂವೈಕೆಗೆ ಹೋಗೂವಾಗ ನಾಲ್ಕೂ ಬಣ್ಣಕ್ಕ ಹಂಚಿಹೋಗ್ತದ. ನಾಲ್ಕು ಪ್ಲೇಟು ಕೂದಲೆಳಿಯಷ್ಟು ಸರಿದ್ರೂ ಅಕ್ಷರಕ್ಕ ನೆರಳು. ಒತ್ತಕ್ಷರ ಸಣ್ಣವು, ಮೊದಲ ಅವಽ ಹೂತುಹೋಗ್ತಾವು. ಅಕ್ಷರಕ್ಕ ಕೆ (ಕಪ್ಪು) 100 ಒಂದಽ, ಉಳಿದ ಮೂರೂ ಸೊನ್ನಿ. ಇದನ್ನ ಗ್ವಾಡಿ ಮ್ಯಾಲ ಬರೆದಿಟ್ಕೋ.

ಒತ್ತಕ್ಷರ
ಮೆಣಸಿನಕಾಯಿದು ನನಗ ಬಿಡ್ರಿ. ಕೆಂಪು ಅಂದ್ರ ಮಜೆಂಟಾ ಮತ್ತ ಹಳದಿ. ಅವೆರಡೂ 100ರ ಹತ್ರ ತುಂಬಿಬಿಟ್ಟಿರ್ತಾವು, ಏರು-ಇಳುವು ತೋರಸಾಕ ಅವುಗಳ ಕಡೆ ಏನೂ ಉಳದಿಲ್ಲ. ಸುಕ್ಕು ತೋರಸೂದು ಸಯಾನ್. ಕೆಂಪಿನ್ಯಾಗ ನೀಲಿ ಯಾಕ ಅಂತ ಯಾರೋ ಅದನ್ನ ತೆಗದಿರ್ತಾರ, ಇಲ್ಲಾ ನೀನಽ ಸ್ಯಾಚುರೇಶನ್ (ಬಣ್ಣದ ಗಾಢತಿ) ಏರಿಸಿರ್ತಿ. ಏರಿಸಿದ್ರ ಸಯಾನ್ ತಾನಽ ಸಾಯ್ತದ. ಚಾನೆಲ್ಸ್ ತೆರದು ಸಯಾನ್ ಒಂದನ್ನಽ ನೋಡು. ಅದರಾಗ ಸುಕ್ಕು ಕಾಣ್ತಾವೇನು? ಕಾಣದಿದ್ರ ಕರ್ವ್ಸಿನ್ಯಾಗ ಸಯಾನಿಗೆ ಅಷ್ಟಽ ತುಸು ಕಾಂಟ್ರಾಸ್ಟ್ ಕೊಡು. ನಾಲ್ಕೂ ಶಾಯಿ ಕೂಡಿ ಶೇಕಡಾ 240 ದಾಟಿಸಬ್ಯಾಡ, ಆ ಕಾಗದ ತಡಿಯೂದಿಲ್ಲ, ಹಿಂದಿನ ಪುಟಕ್ಕ ಇಳೀತದ.

ಹಾವೇರಿ_ಏಲಕ್ಕಿ
ಸ್ಯಾಚುರೇಶನ್ +40 ಏರಿಸಿದ್ದೆರಿ. ಪರದೆ ಮ್ಯಾಲ ಭಾಳ ಚೆಂದ ಕಾಣ್ತಿತ್ತು.

ಬ್ಯಾಡಗಿ_ಖಾರ
ನಮ್ಮೂರ ಕಾಯಿಗೆ ಬಣ್ಣ ಹಚ್ಚಿದ್ಯಾ? ಬಾ ಮತ್ತೊಮ್ಮೆ ಮಾರ್ಕೆಟಿಗೆ, ದಲಾಲರ ಮುಂದ ನಿಂದ್ರಿಸ್ತೀನಿ.

ಹಾವೇರಿ_ಏಲಕ್ಕಿ
ನಾಲ್ಕು ದಿನ ಬಿಟ್ಟು ಬರ್ಯಾಕತ್ತೇನಿ. ಸಯಾನ್ ಪ್ಲೇಟ್ ಬರೇ ಬೆಳ್ಳಗ ಇತ್ತು. ರಾ ಫೈಲಿನಿಂದ ಮತ್ತ ಶುರು ಮಾಡಿದೆ, ಸ್ಯಾಚುರೇಶನ್ ಮುಟ್ಟಲಿಲ್ಲ, ಸಯಾನಿಗೆ ಕರ್ವ್ ಕೊಟ್ಟೆ. ಪ್ರೆಸ್ಸಿನವರು ಇವತ್ತು ಸಂಜಿ ಇನ್ನೊಂದು ಕೆಲಸದ ಅಂಚಿನ್ಯಾಗ ಹೊಡದು ಕೊಟ್ರು. ಮಬ್ಬು ಕೆಂಪು, ಆದ್ರ ಸುಕ್ಕು ಅದಾವು! ಮುಂದಿನ ಕಾಯಿಗೆ ನಾಲ್ಕು ಮಡಿಕಿ, ತೊಟ್ಟಿನ ಹತ್ರ ಒಂದು. ಕಾಕಾ ಕಾಗದ ಹಿಡಕೊಂಡು ಮೂಗಿಗೆ ಹಚ್ಚಿ ವಾಸನಿ ನೋಡಿದ.

ಅಪ್ಪಾಜಿಗೂ ಫೋನಿನ್ಯಾಗ ಕಳಿಸಿದೆ. "ಚಲೋ ಐತಿ. ಬಿ.ಎಡ್. ಫಾರ್ಮಿಗೆ ಪಾಸ್‌ಪೋರ್ಟ್ ಸೈಜ್ ಫೋಟೋ ಬೇಕಂತ" ಅಂದ್ರು.

ಹಳೇ_ರೋಲ್
ಫೋಟೋಕ್ಕ ನಮ್ಮ ಸ್ಟುಡಿಯೋಕ್ಕ ಬಾರವಾ. ರೊಕ್ಕ ಬ್ಯಾಡ.

ಹಾವೇರಿ_ಏಲಕ್ಕಿ
ಬರ್ತೀನಿ ಕಾಕಾರ. ನನ್ನ ಫೋಟೋ ನಾನಽ ತೆಗಕೋತೀನಿ, ನೀವು ಬಿಳೀ ಅರಿವಿ ಹಿಡೀರಿ ಸಾಕು. 35×45 ಮಿಲಿಮೀಟರ್, 4×6 ಕಾಗದದಾಗ 8 ಕೂಡ್ತಾವು. ಒಂದು ಫಾರ್ಮಿಗೆ, ಉಳಿದ ಏಳು ನಿಮ್ಮ ಶೋಕೇಸಿಗೆ.

ಪೇಢಾ_ಪಾರ್ಟಿ
ಗಾಜು ಗಟ್ಟಿ ಹಾಕಸ್ರಿ ಕಾಕಾರ, ಆಕಿ ಅಣ್ಣ ಕ್ಯಾಮೆರಾ ಬಿಟ್ಟುಹೋದಾಂವ ಮತ್ತ ಬಂದಾನು.